ಸಹಾಯ ಬೇಕು: ಚಿತ್ರಕಾರ ವರ್ಜಿಲ್ ಫಿನ್ಲೇ ಕುರಿತ ಸಾಕ್ಷ್ಯಚಿತ್ರಕ್ಕಾಗಿ

1914ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಹುಟ್ಟಿ 1971ರಲ್ಲಿ ತೀರಿಕೊಂಡ, ವೈಜ್ಞಾನಿಕ ಕಥೆಗಳ ಚಿತ್ರಕಾರ ವರ್ಜಿಲ್ ಫಿನ್ಲೇ ಅವರನ್ನು ಕುರಿತು ಕಿರು ಸಾಕ್ಷ್ಯಚಿತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಪ್ಪು ಶಾಯಿ ಬಳಿದ ಬಿಳಿಯ ಹಲಗೆಯನ್ನು ಕೆರೆದು ಬೆಳಕನ್ನು ಹೊರತೆಗೆಯುತ್ತಿದ್ದ, ಉಳಿದೆಡೆ ಸೂಜಿಮೊನೆಯಂಥ ಲೇಖನಿಯಿಂದ ಚುಕ್ಕೆಯ ಪಕ್ಕ ಚುಕ್ಕೆಯಿಟ್ಟು ನೆರಳನ್ನು ಕಟ್ಟುತ್ತಿದ್ದ ಅವರ ತಾಳ್ಮೆಯೇ ನನ್ನ ಸಾಕ್ಷ್ಯಚಿತ್ರದ ಜೀವಾಳ. 1953ರಲ್ಲಿ, ವೈಜ್ಞಾನಿಕ ಕಥಾಲೋಕದ ಹೆಸರಾಂತ ಗೌರವವಾದ ಹ್ಯೂಗೋ ಪ್ರಶಸ್ತಿಗಳನ್ನು ಮೊದಲ ಸಲ ಕೊಟ್ಟಾಗಲೇ, ಒಳಪುಟಗಳ ಚಿತ್ರಕಾರನಿಗೆ ಮೀಸಲಾದ ಗೌರವ ಅವರಿಗೆ ಸಂದದ್ದು ಅದಕ್ಕೇ ಎಂಬುದು ನನ್ನ ಎಣಿಕೆ. ತೊಡಕೆಂದರೆ, ಇಷ್ಟು ನವಿರಾದ ಕೆಲಸ ಅಚ್ಚಾದದ್ದು ಒರಟಾದ ಅಗ್ಗದ ಕಾಗದದ ಮೇಲೆ. ನನಗೆ ಸಿಕ್ಕ ಸ್ಕ್ಯಾನ್‌ಗಳಲ್ಲಿ ಚುಕ್ಕೆಗಳೆಲ್ಲ ಕಲಸಿ ಬರೀ ಮಸಿಯಾಗಿವೆ. ಅವರ ಚಿತ್ರಗಳಿರುವ ‘ವಿಯರ್ಡ್ ಟೇಲ್ಸ್’ ಪತ್ರಿಕೆಯ ಹಳೆಯ ಸಂಚಿಕೆಗಳು ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಯಾರ ಬಳಿಯಾದರೂ ಇದ್ದರೆ, ಆ ಪುಟಗಳನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆಗಳ ಸ್ಪಷ್ಟತೆಯಲ್ಲಿ) ಸ್ಕ್ಯಾನ್ ಮಾಡಿ ಕಳುಹಿಸಿಕೊಡಲು ಸಾಧ್ಯವೇ? ಕೆರೆದು ಬಿಡಿಸುವ ಈ ವಿಧಾನವನ್ನು ಕ್ಯಾಮೆರಾದ ಮುಂದೆ ಮಾಡಿ ತೋರಿಸಬಲ್ಲ ಕಲಾವಿದರೂ, ಚಿತ್ರಗಳ ಹಕ್ಕುಸ್ವಾಮ್ಯದ ಬಗ್ಗೆ ಬಲ್ಲವರೂ ದಯವಿಟ್ಟು ಇಲ್ಲಿಯೇ ಉತ್ತರಿಸಬೇಕೆಂದು ಕೋರುತ್ತೇನೆ.