ಸಹಾಯ ಬೇಕು: ಡಾಕ್ಯುಮೆಂಟರಿ ಪಿಚ್ ತಿದ್ದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಣ್ಣು ಮಂಜಾದರೂ ಬೆರಳಿನ ಅಂದಾಜಿನಲ್ಲೇ ಗಡಿಯಾರ ರಿಪೇರಿ ಮಾಡುವ ಅಜ್ಜನೊಬ್ಬರ ಬಗ್ಗೆ ಡಾಕ್ಯುಮೆಂಟರಿ ಮಾಡಬೇಕೆಂದಿದ್ದೇನೆ. ಮೊನ್ನೆ ಮೊದಲ ಸಲ ಪಿಚ್ ಮಾಡಿದೆ (ಅಂದರೆ ಚಿತ್ರಕ್ಕೆ ಬೆಂಬಲ ಕೇಳಿ ಅದರ ಯೋಜನೆ ವಿವರಿಸಿದೆ). ಸಿಕ್ಕ 7 ನಿಮಿಷದಲ್ಲಿ 5 ನಿಮಿಷ ಗಡಿಯಾರಗಳ ಇತಿಹಾಸಕ್ಕೇ ಹೋಯಿತು.

"ಇದು ವಿಷಯ ಆಯಿತು, ಕಥೆ ಎಲ್ಲಿ? ಅಜ್ಜನಿಗೆ ಏನು ಬೇಕು? ಶೂಟಿಂಗ್ ಮುಗಿಯುವಷ್ಟರಲ್ಲಿ ಏನು ಬದಲಾಗುತ್ತದೆ?" ಎಂದು ಪಿಚ್ ಕೇಳಿದವರು ಪ್ರಶ್ನಿಸಿದರು. ಉತ್ತರ ಹೊಳೆಯಲಿಲ್ಲ. ತುಂಬಾ ಬೇಜಾರಾಯಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು, ಅಲ್ವಾ?

ಈಗ ಲಾಗ್‌ಲೈನ್ (ಚಿತ್ರದ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳುವುದು) ಬದಲಿಸಿದ್ದೇನೆ: 'ದೃಷ್ಟಿ ಪೂರ್ತಿ ಹೋಗುವ ಮೊದಲು ಮೊಮ್ಮಗಳಿಗೆ ಕೆಲಸ ಕಲಿಸಲು ಹೊರಟ ಅಜ್ಜ.' (ಅವರು ನಿಜಕ್ಕೂ ಕಲಿಸುತ್ತಿದ್ದಾರೆ. ಅದನ್ನೇ ನಾನು ಹೇಳಿರಲಿಲ್ಲ!)

ಇದು ಕಥೆಯಂತೆ ಕೇಳಿಸುತ್ತದೆಯೇ? 2 ನಿಮಿಷದ ಟ್ರೇಲರ್ ಮೊದಲೇ ತೋರಿಸಲೋ, ಮಾತಾಡಿದ ಮೇಲೋ? ಪಿಚ್ ಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ.