ಕಾಗಿಣಾ ನದಿಯ ಮೇಫ್ಲೈ ಹೊಸ ಪ್ರಭೇದವೇ? ವಿವರಣೆ ಬರೆಯುವ ಮುನ್ನ ಏನೇನು ಬೇಕು?

ಸೇಡಂ ಪ್ರಾಣಿಶಾಸ್ತ್ರ (ಪ್ರಶ್ನೆ)

ಸೇಡಂ ತಾಲ್ಲೂಕಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಳಖೇಡದ ಕೋಟೆಯ ಬಳಿ, ಕಾಗಿಣಾ ನದಿ ಫರಸಿ ಕಲ್ಲಿನ ಹಾಸುಗಳ ಮೇಲೆ ತೆಳುವಾಗಿ ಹರಿಯುವ ಕಡೆ, ವಿದ್ಯಾರ್ಥಿಗಳೊಂದಿಗೆ ನೀರಿನ ಕೀಟಗಳನ್ನು ಸಂಗ್ರಹಿಸುವಾಗ ಕಲ್ಲುಗಳಡಿಯ ಹೂಳಿನಲ್ಲಿ ಮೇಫ್ಲೈ (ನೀರಿನಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಸ್ವಲ್ಪ ಕಾಲ ಮಾತ್ರ ಬದುಕುವ ಕೀಟ) ಮರಿಗಳು ಸಿಕ್ಕಿವೆ. ಬಾಲದೆಳೆಗಳನ್ನು ಬಿಟ್ಟರೆ ಅವುಗಳ ಉದ್ದ ಸುಮಾರು 4 ಮಿ.ಮೀ. ಎಳೆಗಳು ಮೂರಿವೆ. ಎರಡನೆಯ ಜೋಡಿ ಕಿವಿರುಗಳು ಚೌಕಾಕಾರದ ಮುಚ್ಚಳಗಳಂತೆ ಅಗಲವಾಗಿ ಬೆಳೆದು ಹಿಂದಿನ ಕಿವಿರುಗಳನ್ನು ಮುಚ್ಚಿಕೊಂಡಿರುವುದರಿಂದ ಇವು ಸೀನಿಡೇ ಕುಟುಂಬದವು, ಬಹುಶಃ ಸೀನಿಸ್ ಕುಲದವು ಎಂಬಲ್ಲಿಗೆ ಬಂದು ನಿಂತಿದ್ದೇನೆ. ಆದರೆ ಆ ಮುಚ್ಚಳದ ಅಂಚಿನ ರೋಮಗಳ ಸಾಲೂ ಮುಂಗಾಲಿನ ತೊಡೆಯ ಮೇಲಿನ ಬಿರುಗೂದಲುಗಳ ಜೋಡಣೆಯೂ ನನ್ನ ಬಳಿ ಇರುವ ಯಾವ ಗುರುತು ಕೀಲಿಗೂ (ಲಕ್ಷಣಗಳನ್ನು ಒಂದೊಂದಾಗಿ ನೋಡುತ್ತಾ ಪ್ರಭೇದವನ್ನು ಗುರುತಿಸುವ ಪಟ್ಟಿಗೂ) ಹೊಂದುತ್ತಿಲ್ಲ.

ಇಷ್ಟರಿಂದಲೇ ಇದನ್ನು ಹೊಸ ಪ್ರಭೇದವೆಂದು ವಿವರಿಸಬಹುದೇ? ರೆಕ್ಕೆಯುಳ್ಳ ಪ್ರೌಢ ಕೀಟವೂ ಬೇಕೇ? ಮಾದರಿಗಳನ್ನು ಎಲ್ಲಿ ಇಡಬೇಕು? ನದಿಯ ಹೆಸರನ್ನೇ ಇಡಬೇಕೆಂಬುದು ವಿದ್ಯಾರ್ಥಿಗಳ ಆಸೆ. ಅದಕ್ಕೆ ನಿಯಮದ ಅಡ್ಡಿ ಇದೆಯೇ?

ಜಲಕೀಟ ವರ್ಗೀಕರಣ

ನಿಮ್ಮ ಪ್ರಶ್ನೆಯನ್ನು ಓದಿ ಬಹಳ ಸಂತೋಷವಾಯಿತು. ದಕ್ಷಿಣ ಭಾರತದ ಮೇಫ್ಲೈ ಅಧ್ಯಯನಗಳಲ್ಲಿ ಹೆಚ್ಚಿನವು ಪಶ್ಚಿಮ ಘಟ್ಟಗಳ ತೊರೆಗಳಲ್ಲಿ ನಡೆದಿವೆ. ಎರೆಭೂಮಿಯ ನಡುವೆ ಹರಿಯುವ ನಮ್ಮ ಭೀಮಾ, ಕಾಗಿಣಾ, ಮುಲ್ಲಾಮಾರಿಗಳ ಹೂಳಿನಲ್ಲಿ ಕುಳಿತು ಹುಡುಕಿದವರು ಕಡಿಮೆ. ಹೂಳು ಹೆಚ್ಚಿರುವ ನೀರಿನಲ್ಲಿ ಸೀನಿಡೇ ಕುಟುಂಬ ಸಿಗುವುದು ಸಹಜವೇ. ನೀವು ಹೇಳಿದ ಆ ಮುಚ್ಚಳ ಅದರ ಅಡಿಯ ಮೃದುವಾದ ಕಿವಿರುಗಳ ಮೇಲೆ ಮಣ್ಣಿನ ಕಣಗಳು ಕೂರದಂತೆ ಕಾಯುತ್ತದೆ.

ಆದರೆ ಕೀಲಿಗೆ ಹೊಂದದಿರುವುದು ಒಂದು ಸಂಗತಿ, ಹೊಸ ಪ್ರಭೇದವಾಗಿರುವುದು ಬೇರೆಯೇ ಸಂಗತಿ. ಮೇಫ್ಲೈಗಳ ವಿಷಯದಲ್ಲಿ ಈ ಎರಡರ ನಡುವಿನ ಅಂತರ ದೊಡ್ಡದು, ಅದಕ್ಕೆ ಕಾರಣ ಹಳೆಯ ವಿವರಣೆಗಳೇ. ಫ್ರಾನ್ಸಿಸ್ ವಾಕರ್ 1853ರಲ್ಲಿ, ಹಾಗೆನ್ 1858ರಲ್ಲಿ ಈ ಉಪಖಂಡದ ಮತ್ತು ಶ್ರೀಲಂಕಾದ ಪ್ರಭೇದಗಳನ್ನು ವಿವರಿಸಿದಾಗ ಅವರ ಕೈಯಲ್ಲಿದ್ದವು ರೆಕ್ಕೆಯ ಕೀಟಗಳೇ ಹೊರತು ನೀರೊಳಗಿನ ಮರಿಗಳಲ್ಲ. ಹೀಗಾಗಿ ಇಂದು ನಿಮಗೆ ಅಪರಿಚಿತವಾಗಿ ಕಾಣುವ ಮರಿ, ನೂರೈವತ್ತು ವರ್ಷಗಳ ಹಿಂದೆಯೇ ಬೇರೊಂದು ರೂಪದಲ್ಲಿ ಹೆಸರು ಪಡೆದ ಪ್ರಭೇದದ್ದೇ ಆಗಿರಬಹುದು. ಮರಿಗೂ ಪ್ರೌಢ ಕೀಟಕ್ಕೂ ರೂಪದಲ್ಲಿ ಎಷ್ಟು ದೂರವೆಂದರೆ, ಪ್ರೊಸೊಪಿಸ್ಟೋಮಾ ಎಂಬ ಮೇಫ್ಲೈಯ ಮರಿಯನ್ನು 1762ರಲ್ಲಿ ಫ್ರಾನ್ಸಿನ ಜಾಫ್ರುವಾ ಕಠಿಣಚರ್ಮಿಯೆಂದೇ, ಅಂದರೆ ಸೀಗಡಿ, ಏಡಿಗಳ ಗುಂಪಿನ ಜೀವಿಯೆಂದೇ ವಿವರಿಸಿದರು. ಅದು ಕೀಟವೆಂದು ಗೊತ್ತಾಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಪ್ರೌಢ ಕೀಟ ಇಲ್ಲದೆಯೂ, ಮರಿಯೊಂದನ್ನೇ ಹೋಲೋಟೈಪ್ (ಪ್ರಭೇದದ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಮಾಡಿ ಪ್ರಭೇದವನ್ನು ವಿವರಿಸಲು ಪ್ರಾಣಿಗಳಿಗೆ ಹೆಸರಿಡುವ ನಿಯಮಾವಳಿಯಾದ ನಾಮಕರಣ ಸಂಹಿತೆ ಅವಕಾಶ ಕೊಡುತ್ತದೆ. ಬೀಟಿಡೇ ಎಂಬ ಇನ್ನೊಂದು ಮೇಫ್ಲೈ ಕುಟುಂಬದಲ್ಲಿ ಹಾಗೆ ಮಾಡಿರುವುದೂ ಬಹಳ. ಆದರೆ ಸೀನಿಸ್ ಕುಲದಲ್ಲಿ ಗಂಡಿನ ಜನನಾಂಗದ ರಚನೆಯೇ ಪ್ರಭೇದಗಳನ್ನು ಬೇರ್ಪಡಿಸುವ ಪ್ರಬಲ ಆಧಾರವಾಗಿರುವುದರಿಂದ, ಅದಿಲ್ಲದ ವಿವರಣೆಯನ್ನು ನಾನು ಅಪೂರ್ಣವೆಂದೇ ಎಣಿಸುತ್ತೇನೆ. ಪೀಟರ್ ಮಾಲ್ಜಾಕರ್ 2015ರಲ್ಲಿ ಪ್ರಕಟಿಸಿದ ಪ್ರಾಚ್ಯ ವಲಯದ (ದಕ್ಷಿಣ ಮತ್ತು ಆಗ್ನೇಯ ಏಷ್ಯಾದ) ಸೀನಿಸ್ ಪ್ರಭೇದಗಳ ಪರಿಷ್ಕರಣೆಯನ್ನು ಮೊದಲು ಓದಿ, ಅಲ್ಲಿನ ಒಂದೊಂದು ಚಿತ್ರದೊಂದಿಗೂ ನಿಮ್ಮ ಮಾದರಿಯನ್ನು ಹೋಲಿಸಿ ನೋಡಿ. ನಿಮ್ಮ ಮರಿಯ ಬಾಯಿಯ ಭಾಗಗಳಲ್ಲಿ ಮತ್ತು ಮುಂಗಾಲುಗಳಲ್ಲಿ ಆಹಾರ ಸೋಸುವ ಉದ್ದನೆಯ ರೋಮಗಳಿದ್ದರೆ ಕುಲವೇ ಬೇರೆ, ಕ್ಲೈಪಿಯೋಸೀನಿಸ್ ಆಗಿರಬಹುದು. ಅದನ್ನು ಎಲ್ಲಕ್ಕಿಂತ ಮೊದಲೇ ನೋಡಿಕೊಳ್ಳಬೇಕು.

ಮಾಂಜ್ರಾ ದಂಡೆ, ಬೀದರ್

ಪ್ರೌಢ ಕೀಟ ಪಡೆಯುವ ಬಗ್ಗೆ ಸ್ವಲ್ಪ ಹೇಳುತ್ತೇನೆ. ಕಾರಂಜಾ ಮತ್ತು ಮಾಂಜ್ರಾ ನದಿಗಳ ಅಂಚಿನಲ್ಲಿ ನಾನು ಮರಿಗಳನ್ನು ಸಾಕುತ್ತಾ ಬಂದಿದ್ದೇನೆ.

ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟಗಳು ಮೇಫ್ಲೈಗಳು ಮಾತ್ರ. ನೀರಿನಿಂದ ಮೇಲೆದ್ದಾಗ ಅದು ಮಸುಕು ರೆಕ್ಕೆಯ ಸಬ್‌ಇಮಾಗೊ. ಇನ್ನೊಂದು ಪೊರೆ ಬಿಟ್ಟ ಮೇಲಷ್ಟೇ ಪೂರ್ಣ ಪ್ರೌಢ. ಬೇರೆ ಅನೇಕ ಕುಟುಂಬಗಳಲ್ಲಿ ಈ ನಡುವಿನ ಹಂತ ಒಂದು ರಾತ್ರಿಯಷ್ಟಾದರೂ ಇರುತ್ತದೆ, ಸೀನಿಸ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ, ಮತ್ತು ಪ್ರೌಢ ಕೀಟ ಬದುಕುವುದೂ ಕೆಲವೇ ಗಂಟೆ. ಆದ್ದರಿಂದ ರೆಕ್ಕೆಯ ಮೊಗ್ಗುಗಳು ಕಪ್ಪಾದ, ಅಂದರೆ ಪೂರ್ತಿ ಬಲಿತ ಮರಿಗಳನ್ನೇ ಆರಿಸಿ, ಒಂದೊಂದನ್ನು ಒಂದೊಂದು ಸಣ್ಣ ಪಾತ್ರೆಯಲ್ಲಿ ನದಿಯ ನೀರಿನಲ್ಲೇ ಇಟ್ಟು, ಮೇಲೆ ತೆಳುವಾದ ಬಲೆ ಕಟ್ಟಿ, ಮುಸ್ಸಂಜೆಯಿಂದ ಬೆಳಗಿನ ತನಕ ಕಾಯಬೇಕಾಗುತ್ತದೆ. ಮರಿ ಕಳಚಿದ ಪೊರೆಯನ್ನು ಅದರಿಂದ ಹೊರಬಂದ ಕೀಟದೊಂದಿಗೇ ಒಂದೇ ಸೀಸೆಯಲ್ಲಿ ಇಡಿ. ಈ ಮರಿಯೂ ಆ ಪ್ರೌಢವೂ ಒಂದೇ ಪ್ರಭೇದದವು ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷ್ಯ ಅದೊಂದೇ.

ಬಿಳಿ ಬಟ್ಟೆಯ ಹಿಂದೆ ದೀಪವಿಟ್ಟು ಹಿಡಿದ ಪ್ರೌಢಗಳೂ ಉಪಯುಕ್ತ, ಆದರೆ ಒಂದೇ ನದಿಯಲ್ಲಿ ಎರಡು ಮೂರು ಸೀನಿಸ್ ಪ್ರಭೇದಗಳು ಒಟ್ಟಿಗೆ ಇರುವುದು ಸಾಧ್ಯವಾದ್ದರಿಂದ, ದೀಪಕ್ಕೆ ಬಂದ ಕೀಟ ನಿಮ್ಮ ಮರಿಯದೇ ಎಂದು ಹೇಳಲು ಬರುವುದಿಲ್ಲ.

ಸೇಡಂ ಪ್ರಾಣಿಶಾಸ್ತ್ರ

ಇಬ್ಬರಿಗೂ ಕೃತಜ್ಞತೆಗಳು. ಮುಂಗಾಲುಗಳಲ್ಲಿ ಸೋಸುವ ರೋಮಗಳಿಲ್ಲ, ಹಾಗಾಗಿ ಸೀನಿಸ್ ಎಂಬುದೇ ಸದ್ಯಕ್ಕೆ ಸರಿಯೆನಿಸುತ್ತದೆ. ಮರಿಗಳನ್ನು ಎಥನಾಲ್‌ನಲ್ಲಿ ಇಟ್ಟಿದ್ದೇವೆ. ಡಿಎನ್‌ಎ ಬಾರ್‌ಕೋಡ್ (ಪ್ರಭೇದ ಗುರುತಿಸಲು ಜೀನಿನ ಸಣ್ಣ ತುಣುಕನ್ನು ಓದುವ ವಿಧಾನ) ಮಾಡಿಸಿದರೆ ಈ ಸಾಕುವ ಕಷ್ಟವನ್ನು ತಪ್ಪಿಸಬಹುದೇ?

ಜಲಕೀಟ ವರ್ಗೀಕರಣ

ಅರ್ಧ ಕೆಲಸವನ್ನು ಅದು ಹಗುರ ಮಾಡುತ್ತದೆ. ಸಿಒಐ ಎಂಬ ಮೈಟೊಕಾಂಡ್ರಿಯಾದ ಜೀನಿನ ಸುಮಾರು 658 ಬೇಸ್‌ಗಳ ತುಣುಕನ್ನು ಮರಿಯಿಂದಲೂ ದೀಪಕ್ಕೆ ಬಂದ ಪ್ರೌಢದಿಂದಲೂ ಓದಿಸಿ, ಎರಡೂ ಹೊಂದಿದರೆ ಅವುಗಳ ಸಂಬಂಧ ಗಟ್ಟಿಯಾಗುತ್ತದೆ. ಅದಕ್ಕಾಗಿ ಮಾದರಿಗಳು 95 ಶೇಕಡಕ್ಕಿಂತ ಹೆಚ್ಚಿನ ಎಥನಾಲ್‌ನಲ್ಲಿ, ತಂಪಾದ ಕಡೆ ಇರಲಿ, ಫಾರ್ಮಲಿನ್ ತಾಗಿಸಲೇಬೇಡಿ. ಆದರೆ ಬಾರ್‌ಕೋಡ್ ಸಾರ್ವಜನಿಕ ದತ್ತಕೋಶದಲ್ಲಿ ಯಾವುದಕ್ಕೂ ಹೊಂದಲಿಲ್ಲ ಎಂಬುದು ಹೊಸ ಪ್ರಭೇದಕ್ಕೆ ಪುರಾವೆಯಲ್ಲ, ಏಕೆಂದರೆ ಹೆಸರಿರುವ ಎಷ್ಟೋ ಪ್ರಭೇದಗಳ ಅನುಕ್ರಮವನ್ನು ಇನ್ನೂ ಯಾರೂ ಓದಿಲ್ಲ.

ಬಣ್ಣ ಎಥನಾಲ್‌ನಲ್ಲಿ ಮಾಸುತ್ತದೆ, ಆದ್ದರಿಂದ ಜೀವಂತ ಮರಿಯ ಚಿತ್ರಗಳನ್ನು ಮೊದಲೇ ತೆಗೆದಿಡಿ. ಎಳೆಯ ಮರಿಗಳಲ್ಲಿ ರೋಮಗಳ ಸಂಖ್ಯೆ, ಉಗುರಿನ ಹಲ್ಲುಗಳ ಸಂಖ್ಯೆ ಬೆಳೆದಂತೆ ಬದಲಾಗುವುದರಿಂದ ಅಳತೆಗಳನ್ನು ಬಲಿತ ಮರಿಗಳಿಂದ ಮಾತ್ರ, ಅದೂ ಹಲವು ಮರಿಗಳಿಂದ ತೆಗೆದುಕೊಳ್ಳಬೇಕು. ಬಲಿತ ಹೆಣ್ಣು ಮರಿಯ ಹೊಟ್ಟೆಯಲ್ಲಿರುವ ಮೊಟ್ಟೆಗಳನ್ನೂ ಬಿಡಬೇಡಿ. ಸೀನಿಸ್ ಮೊಟ್ಟೆಗಳ ತುದಿಯಲ್ಲಿ ಟೋಪಿಯಂಥ ಅಂಟುವ ರಚನೆಗಳಿರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅವುಗಳ ಮೇಲ್ಮೈ ವಿನ್ಯಾಸ ಬಹಳ ನೆರವಾಗುತ್ತದೆ.

ವಿವರಣೆ ಬರೆಯುವಾಗ ನಿಮ್ಮ ಕೀಟ ಹೇಗಿದೆ ಎಂಬುದಕ್ಕಿಂತ, ಅದಕ್ಕೆ ಅತ್ಯಂತ ಹತ್ತಿರದ ಪ್ರಭೇದಕ್ಕಿಂತ ಅದು ಎಲ್ಲಿ ಬೇರೆಯಾಗಿದೆ ಎಂಬ ಭಾಗಕ್ಕೆ ಹೆಚ್ಚು ಶ್ರಮ ಕೊಡಿ. ಮುಂದೆ ಯಾರೋ ಭೀಮಾ ತೀರದಲ್ಲಿಯೋ ಯಾದಗಿರಿಯ ಕೃಷ್ಣಾ ತೀರದಲ್ಲಿಯೋ ಇಂಥದೇ ಮರಿಯನ್ನು ಹಿಡಿದು ನಿಮ್ಮ ಪುಟವನ್ನು ತೆರೆದಾಗ, ಅವರಿಗೆ ಬೇಕಾಗುವುದು ಆ ಭಾಗವೇ.

ಭೀಮಾ ತೀರ, ಕಲಬುರಗಿ

ಉಳಿದ ಎರಡು ಪ್ರಶ್ನೆಗಳ ಬಗ್ಗೆ. 2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ ಹೊಸದಾಗಿ ಪತ್ತೆಯಾದ ಜೀವಿಯ ವಿಷಯವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಮಾದರಿಯನ್ನು ಅಲ್ಲಿ ಒಪ್ಪಿಸಲೇಬೇಕು. ಪ್ರಾಣಿಗಳಿಗೆ ಅಂಥ ಭಂಡಾರ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ, ಕೋಲ್ಕತ್ತ. ಹೋಲೋಟೈಪ್ ಅಲ್ಲಿರಲಿ. ಪ್ಯಾರಾಟೈಪ್‌ಗಳಲ್ಲಿ, ಅಂದರೆ ವಿವರಣೆಗೆ ಬಳಸಿದ ಉಳಿದ ಮಾದರಿಗಳಲ್ಲಿ, ಕೆಲವನ್ನು ನಮ್ಮ ಭಾಗದ ವಿಶ್ವವಿದ್ಯಾಲಯವೊಂದರ ಸಂಗ್ರಹದಲ್ಲಿ ಇಟ್ಟರೆ ಇಲ್ಲಿನ ವಿದ್ಯಾರ್ಥಿಗಳು ಅವನ್ನು ನೋಡಲು ಕೋಲ್ಕತ್ತಕ್ಕೆ ಹೋಗಬೇಕಾಗುವುದಿಲ್ಲ. ಇದನ್ನು ನಾನು ಒತ್ತಿ ಕೇಳಿಕೊಳ್ಳುತ್ತೇನೆ. ಹೋಲಿಕೆಗಾಗಿ ಮಾದರಿಗಳನ್ನು ವಿದೇಶಕ್ಕೆ ಕಳಿಸುವುದಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ನೋಡಿಕೊಂಡೇ ಕಳಿಸಿ. ಮುಂದೆ ಚಿಂಚೋಳಿ ವನ್ಯಜೀವಿಧಾಮದ ಹಳ್ಳಗಳಲ್ಲಿ ಹುಡುಕುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು.

ಹೆಸರಿನ ವಿಷಯದಲ್ಲಿ ವಿದ್ಯಾರ್ಥಿಗಳ ಆಸೆಗೆ ಯಾವ ಅಡ್ಡಿಯೂ ಇಲ್ಲ. ಸ್ಥಳದ ಹೆಸರಿಗೆ ಲ್ಯಾಟಿನ್ನಿನ ‘ಎನ್ಸಿಸ್’ ಪ್ರತ್ಯಯ ಸೇರಿಸುವುದು ಹಳೆಯ ರೂಢಿ. ತಮಿಳುನಾಡಿನ ಕುಟ್ರಾಲಂ ಹೆಸರು ಹೊತ್ತ ಪೀಟರ್ಸುಲಾ ಕೋರ್ಟಲೆನ್ಸಿಸ್ ಎಂಬ ಮೇಫ್ಲೈಯನ್ನು ಶಿವರಾಮಕೃಷ್ಣನ್ 1984ರಲ್ಲಿ ವಿವರಿಸಿದ್ದಾರೆ. ನಿಮ್ಮ ಪ್ರಭೇದ ನಾಳೆ ಬೇರೆ ನದಿಯಲ್ಲಿ ಸಿಕ್ಕರೂ ಕಾಗಿಣಾದ ಹೆಸರು ಹಾಗೇ ಉಳಿಯುತ್ತದೆ. ಪತ್ರಿಕೆ ವಿದ್ಯುನ್ಮಾನ ರೂಪದಲ್ಲಿ ಮಾತ್ರ ಬರುವುದಾದರೆ ಪ್ರಕಟಣೆಗೆ ಮುನ್ನವೇ ಜೂಬ್ಯಾಂಕ್ ಎಂಬ ಪ್ರಾಣಿನಾಮಗಳ ಅಧಿಕೃತ ನೋಂದಣಿ ತಾಣದಲ್ಲಿ ನೋಂದಾಯಿಸಿ, ಆ ಸಂಖ್ಯೆಯನ್ನು ಲೇಖನದಲ್ಲೇ ಮುದ್ರಿಸಬೇಕು. ಇಲ್ಲದಿದ್ದರೆ ಹೆಸರಿಗೆ ಮಾನ್ಯತೆ ಸಿಗುವುದಿಲ್ಲ.

ಇನ್ನೊಂದು ಮಾತು. ಸಿಕ್ಕ ಜಾಗದ ವಿವರವನ್ನು ಊರಿನ ಹೆಸರಿಗೇ ನಿಲ್ಲಿಸಬೇಡಿ. ಅಕ್ಷಾಂಶ, ರೇಖಾಂಶ, ಹರಿವಿನ ವೇಗ, ಆಳ, ನೀರಿನ ಉಷ್ಣತೆ, ಕಲ್ಲಿನ ಅಡಿಯ ಹೂಳಿನ ಸ್ವರೂಪ, ಮೇಲ್ಗಡೆಯ ಬ್ಯಾರೇಜಿಗೆ ಇರುವ ದೂರ ಎಲ್ಲವೂ ಬರಲಿ. ಸುಣ್ಣಕಲ್ಲಿನ ಹಾಸಿನ ಮೇಲೆ ಹರಿಯುವ ಈ ನದಿ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವುಗಳಾಗಿ ಒಡೆದು ನಿಲ್ಲುತ್ತದೆ. ಆ ಕಾಲದಲ್ಲಿ ಮರಿಗಳು ಮಡುವಿನಲ್ಲಿ ಉಳಿಯುತ್ತವೆಯೇ ಎಂಬುದನ್ನು ಮಳೆಗಾಲಕ್ಕೆ ಮೊದಲೇ ಹೋಗಿ ನೋಡಿ ಬರೆದರೆ, ಲೇಖನದ ಆ ಭಾಗವನ್ನು ನಮ್ಮ ನದಿಗಳ ಬಗ್ಗೆ ಕೆಲಸ ಮಾಡುವವರೆಲ್ಲ ಬಳಸುತ್ತಾರೆ.