ಸಹಾಯ ಬೇಕು: ಪೆನ್ ಡ್ರೈವ್, ಹಾರ್ಡ್ ಡಿಸ್ಕ್‌ಗೆ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಯಾರೂ ಓದೋಕಾಗದ ಹಾಗೆ ಬೀಗ) ಹಾಕೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೊನ್ನೆ ಜಯನಗರದಲ್ಲಿ ಪ್ರಿಂಟ್ ತೆಗೆಸೋಕೆ ಹೋಗಿ ಪೆನ್ ಡ್ರೈವನ್ನ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲೇ ಬಿಟ್ಟು ಬಂದೆ. ಬನಶಂಕರಿ ತಲುಪಿದ ಮೇಲೆ ನೆನಪಾಯ್ತು. ವಾಪಸ್ ಓಡಿದಾಗ ಹಾಗೇ ಸಿಕ್ಕಿಸಿಕೊಂಡಿತ್ತು, ನೀಲಿ ಲೈಟ್ ಮಿಣುಕ್ತಾ ಇತ್ತು. ಅದರಲ್ಲಿ ಅಪ್ಪನ ಸೈಟಿನ ಖಾತಾ, ಎಲ್ಲರ ಆಧಾರ್, ಪ್ಯಾನ್, ಅಮ್ಮನ ಸ್ಕ್ಯಾನ್ ರಿಪೋರ್ಟ್ ಎಲ್ಲಾ ಇದೆ. ಆ ಒಂದು ಗಂಟೇಲಿ ಯಾರು ಕಾಪಿ ಮಾಡಿಕೊಂಡರೋ ಅಂತ ಇನ್ನೂ ನಿದ್ದೆ ಬರ್ತಿಲ್ಲ.

ನನ್ನದು ವಿಂಡೋಸ್ 11 ಹೋಮ್. ಬಿಟ್‌ಲಾಕರ್ (ವಿಂಡೋಸ್‌ನದೇ ಎನ್‌ಕ್ರಿಪ್ಶನ್ ಸೌಲಭ್ಯ) ಹಾಕಿದ ಡ್ರೈವನ್ನ ಇದರಲ್ಲಿ ತೆರೀಬಹುದು, ಆದರೆ ಹೊಸದಾಗಿ ಲಾಕ್ ಮಾಡೋಕೆ ವಿಂಡೋಸ್ ಪ್ರೊ ಬೇಕಂತೆ. ತಮ್ಮನ ಹತ್ತಿರ ಮ್ಯಾಕ್ ಇದೆ, ಹಾಗಾಗಿ ಎರಡರಲ್ಲೂ ನಡೆಯೋ ವೆರಾಕ್ರಿಪ್ಟ್ ಅನ್ನೋ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಕಡೆ ಮನಸ್ಸಿದೆ.

1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಆಗಲೇ 600 ಜಿಬಿ ಫೋಟೋಗಳಿವೆ. ಅಳಿಸದೇ ಎನ್‌ಕ್ರಿಪ್ಟ್ ಮಾಡಿದವರು ಇದ್ದೀರಾ? ಇಲ್ಲಾ ಕಾಗದಪತ್ರಕ್ಕೆ ಮಾತ್ರ ಒಂದು ಕಂಟೇನರ್ ಫೈಲ್ (ಬೀಗ ಹಾಕಿದ ಪೆಟ್ಟಿಗೆ ಥರ, ಒಳಗೆ ಬೇರೆ ಫೈಲ್‌ಗಳನ್ನ ಇಡೋ ಫೈಲ್) ಮಾಡಿದರೆ ಸಾಕಾ? ಪೆನ್ ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ, 4 ಜಿಬಿ ದಾಟಿದ ಫೈಲ್ ಹಿಡಿಯಲ್ಲ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್‌ಗೆ ಬದಲಾಯಿಸಲಾ?

ಇನ್ನೊಂದು ಮುಖ್ಯ ವಿಷಯ. ಪಾಸ್‌ವರ್ಡ್ ಮರೆತರೆ ಯಾರೂ ತೆಗೆಯೋಕಾಗಲ್ಲ. ನನಗೇನಾದರೂ ಆದರೆ ಅಮ್ಮನಿಗೆ ಆ ಕಾಗದಗಳು ಸಿಗಬೇಕು. ನೀವು ಪಾಸ್‌ವರ್ಡ್ ಬರೆದು ಎಲ್ಲಿ ಇಡ್ತೀರಿ? ಬೀರುವಿನಲ್ಲಾ, ಬ್ಯಾಂಕ್ ಲಾಕರ್‌ನಲ್ಲಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.